ಬೆಲ್ ಮಾಡದೆ ಹೋಗುತ್ತಿದ್ದ ಮನೆ

ನಮ್ಮ ಜನ ಅಮೆರಿಕಕ್ಕೆ ಬಂದು ಎಷ್ಟು ವರ್ಷವಾದರೂ ಮುಂಬಾಗಿಲು ಬಳಸುವುದನ್ನು ಕಲಿಯಲಿಲ್ಲ. ಮುಂಬಾಗಿಲು ಏನಿದ್ದರೂ ಪಾರ್ಸೆಲ್ ತರುವವನಿಗೆ, ಹುಲ್ಲಿಗೆ ಔಷಧಿ ಹೊಡೆಯುತ್ತೇವೆ ಎಂದು ಕೇಳಿಕೊಂಡು ಬರುವ ಹುಡುಗರಿಗೆ. ನಮ್ಮವರು ಬರುವುದು ಗ್ಯಾರೇಜಿನಿಂದ. ಅಲ್ಲಿ ಚಪ್ಪಲಿ ಬಿಟ್ಟು ಒಳಬಾಗಿಲು ತಳ್ಳಿದರೆ ನೇರ ಅಡಿಗೆಮನೆ. ಗ್ಯಾರೇಜಿನ ಬಾಗಿಲು ತೆರೆಯುವ ಕೋಡ್ ಗೊತ್ತಿದ್ದವರು ಮನೆಯವರು, ಉಳಿದವರು ನೆಂಟರು. ವೆಸ್ಟ್ ಬ್ಲೂಮ್‌ಫೀಲ್ಡಿನ ನಮ್ಮ ಸಬ್‌ಡಿವಿಷನ್ನಿನಲ್ಲಿ, ಅಂದರೆ ಬಡಾವಣೆಯಲ್ಲಿ, ನನಗೆ ಕೋಡ್ ಗೊತ್ತಿದ್ದ ಮನೆ ಒಂದೇ. ನನ್ನ ಮನೆಯ ಸಾಲಿನಲ್ಲೇ ಸ್ವಲ್ಪ ಆಚೆಗಿತ್ತು.

ಅಲ್ಲಿ ಇದ್ದವರು ಗಂಡ ಹೆಂಡತಿ ಇಬ್ಬರೇ. ಅವನು ಡಿಯರ್‌ಬಾರ್ನಿನಲ್ಲಿ ಕಾರಿನ ಬ್ರೇಕುಗಳನ್ನು ಪರೀಕ್ಷೆ ಮಾಡುವ ಇಂಜಿನಿಯರು. ಅವಳದು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ. ಇಬ್ಬರೂ ನನ್ನಂತೆಯೇ ಮೈಸೂರಿನವರು. ನನ್ನ ಗಂಡ ತೀರಿಕೊಂಡ ಮೇಲೆ ನಾನು ಒಂಟಿ. ಮಕ್ಕಳಿಲ್ಲ. ಆ ವಿಷಯದಲ್ಲಿ ಯಾರಾದರೂ ಕನಿಕರ ತೋರಿಸಲು ಬಂದರೆ ಮೈ ಉರಿಯುತ್ತದೆ, ಆದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ. ಹಿಮ ಬಿದ್ದ ದಿನ ಆ ಹುಡುಗ ತನ್ನ ಗ್ಯಾರೇಜಿನ ಮುಂದಿನ ಡ್ರೈವ್‌ವೇಗಿಂತ ಮೊದಲು ನನ್ನದನ್ನು ಕ್ಲೀನ್ ಮಾಡಿ ಆಫೀಸಿಗೆ ಹೋಗುತ್ತಿದ್ದ. ನಾನು ಮಾಡಿದ ಹುಳಿಯಲ್ಲಿ ಅರ್ಧ ಅವರ ಮನೆಗೆ ಹೋಗುತ್ತಿತ್ತು. ಅವಳ ಅಡಿಗೆ ಬಾಯಿಗಿಡುವ ಹಾಗಿರಲಿಲ್ಲ, ಅದನ್ನು ಅವಳ ಎದುರಿಗೇ ಹೇಳುತ್ತಿದ್ದೆ, ಅವಳು ನಗುತ್ತಿದ್ದಳು.

ಒಂದು ದೀಪಾವಳಿಯ ಹೊತ್ತಿನಲ್ಲಿ ಪಕ್ಕದ ಸಬ್‌ಡಿವಿಷನ್ನಿನಲ್ಲಿ ಕಳ್ಳತನವಾಯಿತು. ಹಿತ್ತಲಿನ ಗಾಜಿನ ಬಾಗಿಲು ಒಡೆದು ಒಳಗೆ ಬಂದಿದ್ದರು. ಇಂಡಿಯನ್ನರ ಮನೆಯಲ್ಲಿ ಚಿನ್ನ ಇರುತ್ತದೆ ಅನ್ನುವುದು ಕಳ್ಳರಿಗೂ ತಿಳಿದುಹೋಗಿದೆ. ವಾಟ್ಸಾಪ್ ಗ್ರೂಪಿನಲ್ಲಿ ಒಬ್ಬೊಬ್ಬರೂ ಒಂದೊಂದು ಕಥೆ ಹಾಕಿ, ಇದ್ದ ಭಯಕ್ಕೆ ಇನ್ನಷ್ಟು ಒಗ್ಗರಣೆ ಕೊಟ್ಟರು. ಅವನಿಗೆ ಆ ವರ್ಷವೇ ಗ್ರೀನ್ ಕಾರ್ಡ್ ಬಂದಿತ್ತು. ವರ್ಕ್ ವೀಸಾದಲ್ಲಿ ಇರುವವರು ಗನ್ ಇಟ್ಟುಕೊಳ್ಳುವ ಹಾಗಿಲ್ಲ, ಈಗ ಆ ತಡೆ ಇರಲಿಲ್ಲ. ಅಂಗಡಿಗೆ ಹೋಗಿ ಅಂಗೈಯಷ್ಟಗಲದ ಒಂದು ಕಪ್ಪು ಪಿಸ್ತೂಲು ತಂದ.

ಅವನು ಉಡಾಫೆಯ ಹುಡುಗನಲ್ಲ. ಬ್ರೇಕಿನ ಕೆಲಸದಲ್ಲಿ ಹೇಗೋ ಹಾಗೆಯೇ ಇದರಲ್ಲೂ. ಕ್ಲಾಸಿಗೆ ಹೋದ, ಗುಂಡು ಹಾರಿಸುವ ರೇಂಜಿನಲ್ಲಿ ಅಭ್ಯಾಸ ಮಾಡಿದ, ಕೌಂಟಿ ಆಫೀಸಿನಲ್ಲಿ ಬೆರಳಚ್ಚು ಕೊಟ್ಟು, ಬಟ್ಟೆಯೊಳಗೆ ಇಟ್ಟುಕೊಂಡು ಓಡಾಡುವುದಕ್ಕೆ ಲೈಸೆನ್ಸ್ ತೆಗೆದುಕೊಂಡ. ಬೆರಳು ಒತ್ತಿದರೆ ಮಾತ್ರ ತೆರೆಯುವ ಪೆಟ್ಟಿಗೆ ತಂದು ಮಂಚದ ಪಕ್ಕ ಗೋಡೆಗೆ ಬಿಗಿದ. "ಆಂಟಿ, ಗುರಿ ಇಡೋವರ್ಗೂ ಬೆರಳು ಟ್ರಿಗರ್ ಮೇಲೆ ಹೋಗಬಾರ್ದು, ಹಿಂಗೆ ಪಕ್ಕದಲ್ಲಿ ನೀಟಾಗಿ ಚಾಚಿರ್ಬೇಕು" ಎಂದು ಬರಿಗೈಯಲ್ಲಿ ತೋರಿಸಿದ್ದ. ನಾನು ಹುರಳಿಕಾಯಿ ಬಿಡಿಸುತ್ತಾ ನೋಡಿದೆ.

ನನ್ನನ್ನೂ ಒಂದು ಸಲ ರೇಂಜಿಗೆ ಎಳೆದುಕೊಂಡು ಹೋದ. "ನೀವು ಒಬ್ರೇ ಇರ್ತೀರ, ಕಲ್ತಿರಿ." ಕಿವಿಗೆ ದಪ್ಪನೆಯ ಮುಚ್ಚಳ, ಕಣ್ಣಿಗೆ ಕನ್ನಡಕ, ಸೀರೆ ಉಡಬಾರದೆಂದು ಅವನ ಹೆಂಡತಿಯ ಪ್ಯಾಂಟು. ಮೊದಲ ಗುಂಡಿಗೆ ಜೀವವೇ ಬಾಯಿಗೆ ಬಂದಿತ್ತು. ಆಮೇಲಿನದೊಂದು ಕಾಗದದ ಮನುಷ್ಯನ ಭುಜಕ್ಕೆ ತಗುಲಿತು. ಪಕ್ಕದ ಬಿಳಿಯ ಮುದುಕ ಹೆಬ್ಬೆರಳೆತ್ತಿ ತೋರಿಸಿದ. ಸುಳ್ಳು ಯಾಕೆ ಹೇಳಲಿ, ನನಗೆ ಖುಷಿಯಾಯಿತು. ಮನೆಗೆ ಬಂದು ಬೆಂಗಳೂರಿನಲ್ಲಿರುವ ತಂಗಿಗೆ ಫೋನ್ ಮಾಡಿ ಜಂಬ ಕೊಚ್ಚಿಕೊಂಡೆ. ಗನ್ನು ಕಂಡರಾಗದವಳು ನಾನು ಎಂದು ಯಾರೂ ತಿಳಿಯಬಾರದು ಎಂದು ಇದನ್ನೆಲ್ಲ ಹೇಳುತ್ತಿದ್ದೇನೆ.

ಅವಳು ಬಸುರಿಯಾದಳು. ಅವಳ ಅಮ್ಮನಿಗೆ ವೀಸಾ ಇಂಟರ್‌ವ್ಯೂ ಸಿಗಲಿಲ್ಲ. ಅವನ ಅಮ್ಮ ಮೊದಲೇ ಇಲ್ಲ. ಬಾಣಂತನ ಯಾರು ಮಾಡುತ್ತಾರೆ ಎಂದು ಅವಳು ಅಳುತ್ತಾ ಕುಳಿತಿದ್ದಾಗ, "ನಾನೇನು ಸತ್ತೋಗಿದೀನಾ?" ಎಂದು ಗದರಿದೆ. ಹೆಣ್ಣು ಮಗು ಹುಟ್ಟಿತು. ಪ್ರತಿದಿನ ಬೆಳಿಗ್ಗೆ ಗ್ಯಾರೇಜಿನಿಂದ ಹೋಗಿ, ಬಚ್ಚಲಲ್ಲಿ ಮಣೆ ಹಾಕಿ ಕಾಲು ಚಾಚಿ ಕುಳಿತು, ಎಣ್ಣೆ ಹಚ್ಚಿದ ಮಗುವನ್ನು ಕಾಲ ಮೇಲೆ ಬೋರಲು ಮಲಗಿಸಿ ನೀರು ಹಾಕುತ್ತಿದ್ದೆ. ಮೊದಲು ಕಿರುಚುತ್ತಿತ್ತು. ಆಮೇಲಾಮೇಲೆ ಬಿಸಿನೀರು ಬೆನ್ನಿಗೆ ಬಿದ್ದ ಕೂಡಲೆ ಸುಮ್ಮನಾಗಿ ಕಾಲ ಮೇಲೇ ತೂಕಡಿಸುತ್ತಿತ್ತು. ಸಾಂಬ್ರಾಣಿ ಹಾಕಿದ ದಿನ ಹೊಗೆಯ ಅಲಾರಂ ಬಡಿದುಕೊಂಡು ಅವನು ಕುರ್ಚಿ ಹತ್ತಿ ಟವೆಲ್ ಬೀಸಿದ್ದ. ಅಷ್ಟು ವಯಸ್ಸಿಗೆ ನನಗೆ ಸಿಕ್ಕಿದ ಮೊದಲ ಮಗು ಅದು. ಆ ಕಾಲಿನ ಮೇಲಿನ ಭಾರಕ್ಕಾಗಿ ನಾನು ಬೆಳಿಗ್ಗೆ ಏಳುತ್ತಿದ್ದೆ.

ಮಗು ಬಂದ ಮೇಲೆ ಅವನು ಪಿಸ್ತೂಲನ್ನು ಮನೆಯೊಳಗೂ ಸೊಂಟದಲ್ಲೇ ಇಟ್ಟುಕೊಳ್ಳತೊಡಗಿದ. "ಮೈಮೇಲಿದ್ರೆ ಎಲ್ಲಿದೆ ಅಂತ ನಂಗೊತ್ತಿರುತ್ತೆ ಆಂಟಿ. ಎಲ್ಲೋ ಇಟ್ಟು ಮರೆತ್ರೆ ಕಷ್ಟ" ಎಂದ. ಸರಿ ಅನ್ನಿಸಿತು. ಮಗುವನ್ನು ಎತ್ತಿಕೊಳ್ಳುವ ಮೊದಲು ಅದನ್ನು ತೆಗೆದು ಪೆಟ್ಟಿಗೆಗೆ ಹಾಕಿ ಕೈ ತೊಳೆದು ಬರುತ್ತಿದ್ದ.

ಆ ದಿನ ಚಳಿ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಹದಿನೈದು ಡಿಗ್ರಿಗೆ ಇಳಿದಿತ್ತು. ಮಗುವಿಗೆ ಡಾಕ್ಟರ ಅಪಾಯಿಂಟ್‌ಮೆಂಟ್ ಇದ್ದದ್ದರಿಂದ ಬೇಗ ನೀರು ಹಾಕಿ ಬಂದಿದ್ದೆ. ಅವಳು ಮಗುವನ್ನು ಕರೆದುಕೊಂಡು ಹೋಗಿರುತ್ತಾಳೆ, ಅವನು ಡಿಯರ್‌ಬಾರ್ನಿನಲ್ಲಿರುತ್ತಾನೆ, ಬರುವಷ್ಟರಲ್ಲಿ ಬಾಣಂತಿಗೆ ಮೆಣಸಿನ ಸಾರು ಒಲೆಯ ಮೇಲೆ ಇರಲಿ ಎಂದುಕೊಂಡೆ. ನನ್ನ ಗಂಡನ ದೊಡ್ಡ ಜಾಕೆಟ್ ಹಾಕಿಕೊಂಡು, ಅದರ ಟೋಪಿಯನ್ನು ತಲೆಯ ಮೇಲೆ ಎಳೆದುಕೊಂಡು, ಸಾರಿನ ಪಾತ್ರೆ ಹಿಡಿದು ಹೊರಟೆ. ಗ್ಯಾರೇಜಿನಲ್ಲಿ ಒಂದು ಕಾರೂ ಇರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಹೋದೆ.

ಅವನ ಕಾರು ಸರ್ವಿಸಿಗೆ ಹೋಗಿದ್ದರಿಂದ ಅವನು ಬೇಸ್‌ಮೆಂಟಿನಲ್ಲಿ ಕುಳಿತು ಕೆಲಸ ಮಾಡುತ್ತಿದ್ದ. ಕಿವಿಗೆ ಹೆಡ್‌ಫೋನ್ ಹಾಕಿಕೊಂಡಿದ್ದರಿಂದ ಗ್ಯಾರೇಜ್ ತೆರೆದದ್ದು ಅವನಿಗೆ ಕೇಳಿಸಿರಲಿಲ್ಲ. ಹೆಡ್‌ಫೋನ್ ತೆಗೆದಾಗ ತಲೆಯ ಮೇಲೆ ಯಾರೋ ಮೆಲ್ಲಗೆ ನಡೆಯುವ ಸದ್ದು. ಹೆಂಡತಿ ಬರುವ ಹೊತ್ತಲ್ಲ. ಬಂದಿದ್ದರೆ ಮಗು ಅಳಬೇಕು. ಇದನ್ನೆಲ್ಲ ಆಮೇಲೆ ಅವನೇ ಹೇಳಿದ್ದು. ನನಗೆ ಗೊತ್ತಾದದ್ದು ಬೆನ್ನ ಹಿಂದಿನ ಕೂಗು ಮಾತ್ರ.

"ಡೋಂಟ್ ಮೂವ್. ಹ್ಯಾಂಡ್ಸ್. ಶೋ ಮಿ ಯುವರ್ ಹ್ಯಾಂಡ್ಸ್."

ಅವನು ನನ್ನ ಹತ್ತಿರ ಯಾವತ್ತೂ ಇಂಗ್ಲಿಷ್ ಆಡಿದವನಲ್ಲ. ಆ ದನಿ ಯಾರದೆಂದೇ ನನಗೆ ತಿಳಿಯಲಿಲ್ಲ. ಕಳ್ಳರೇ ಬಂದಿದ್ದಾರೆ, ನನ್ನನ್ನು ಕೊಂದು ಹಾಕುತ್ತಾರೆ ಎಂದುಕೊಂಡು ಪಾತ್ರೆ ಹಿಡಿದೇ ತಿರುಗಿದೆ. ತಿರುಗುವಾಗ ಟೋಪಿ ಹಿಂದಕ್ಕೆ ಜಾರಿತು. ಬೇಸ್‌ಮೆಂಟಿನ ಬಾಗಿಲಲ್ಲಿ ಅವನು ನಿಂತಿದ್ದ, ಎರಡೂ ಕೈ ಮುಂದೆ ಚಾಚಿ. ಪಿಸ್ತೂಲಿನ ಬಾಯಿ ನನ್ನ ಎದೆಗೆ ನೇರವಾಗಿತ್ತು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಆದರೂ ಕೈ ಇಳಿಯಲಿಲ್ಲ.

ಎಷ್ಟು ಹೊತ್ತು ಎಂದು ಕೇಳಿದರೆ ಹೇಳಲಾರೆ. ಒಂದು ಉಸಿರಿನಷ್ಟು ಇರಬಹುದು. ನನ್ನ ಬಾಯಲ್ಲಿ ಬಂದ ಮಾತು, "ಸಾರು ಬಿಸಿ ಇದೆ ಕಣಪ್ಪಾ."

ಆಗ ಕೈ ಇಳಿಯಿತು. ಪಿಸ್ತೂಲನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ನನ್ನ ಕಾಲ ಬಳಿ ಕುಸಿದು ಕುಳಿತು ಬಿಕ್ಕಿ ಬಿಕ್ಕಿ ಅತ್ತ. ನಾನು ಪಾತ್ರೆಯನ್ನು ಒಲೆಯ ಮೇಲಿಟ್ಟು, "ಆಯ್ತು ಬಿಡು, ಏನೂ ಆಗ್ಲಿಲ್ವಲ್ಲ" ಎಂದು ಅವನ ತಲೆ ಸವರಿದೆ. ಸಾರು ಒಂದು ತೊಟ್ಟೂ ಚೆಲ್ಲಿರಲಿಲ್ಲ. ಮನೆಗೆ ಬಂದು ಜಾಕೆಟ್ ಹಾಕಿಕೊಂಡೇ ಕತ್ತಲಾಗುವವರೆಗೂ ಕುಳಿತಿದ್ದೆ.

ಸುದ್ದಿ ಹಬ್ಬಿತು. ಆ ಸಲದ ಸಂಕ್ರಾಂತಿಯ ಊಟದಲ್ಲಿ ಗಂಡಸರೆಲ್ಲ ಅವನನ್ನು ಸುತ್ತುವರಿದು ಮೆಚ್ಚಿದ್ದೇ ಮೆಚ್ಚಿದ್ದು. "ಟ್ರೈನಿಂಗ್ ಅಂದ್ರೆ ಇದು ನೋಡಿ. ಬೇರೆಯವ್ರಾಗಿದ್ರೆ ಪ್ಯಾನಿಕ್ ಆಗಿ ಶೂಟ್ ಮಾಡ್ಬಿಡ್ತಿದ್ರು." ಅವನು ತಲೆ ತಗ್ಗಿಸಿ ನಿಂತಿದ್ದ. ಒಬ್ಬ ಮಹಾನುಭಾವ ನನ್ನ ಹತ್ತಿರವೇ ಬಂದು, "ನೀವೂ ಬೆಲ್ ಮಾಡ್ಬೇಕಿತ್ತು ಆಂಟಿ" ಎಂದ. "ನಿಮ್ಮಮ್ಮ ನಿಮ್ಮನೆಗೆ ಬೆಲ್ ಮಾಡಿ ಬರ್ತಾರೇನಪ್ಪಾ?" ಎಂದೆ. ಅವನು ಬಿಸಿಬೇಳೆಬಾತಿನ ಕಡೆ ಹೋದ. ನಾನು ಎಲ್ಲರೆದುರು ನಗುತ್ತಲೇ ಇದ್ದೆ. ಕಥೆಯನ್ನು ಬಣ್ಣ ಕಟ್ಟಿ ನಾನೇ ಹೇಳಿ ನಗಿಸಿದ್ದೂ ಉಂಟು.

ಆದರೆ ಅವನು ಪಿಸ್ತೂಲು ಹಿಡಿದ ಮರುದಿನ ಬೆಳಿಗ್ಗೆಯೇ ಗ್ಯಾರೇಜಿನ ಒಳಬಾಗಿಲ ಮುಂದೆ ನಿಂತಾಗ ಹಿಡಿ ತಿರುಗಿಸಲು ಕೈ ಹೋಗಿರಲಿಲ್ಲ. ಚಪ್ಪಲಿ ಮತ್ತೆ ಮೆಟ್ಟಿಕೊಂಡು, ಹಿಮದಲ್ಲಿ ಸುತ್ತಿ ಬಂದು, ಮುಂಬಾಗಿಲ ಬೆಲ್ ಒತ್ತಿದೆ. ಅವಳು ಬಾಗಿಲು ತೆರೆದು ನನ್ನನ್ನು ನೋಡಿದಳು. ಮುಖ ಸಣ್ಣದಾಯಿತು. ಬಚ್ಚಲಲ್ಲಿ ಮಗುವನ್ನು ಕಾಲ ಮೇಲೆ ಹಾಕಿಕೊಂಡೆ. ಹೊರಗೆ ಅವನು ಕೆಮ್ಮಿದ, ಅಷ್ಟೇ. ನನ್ನ ಕಾಲು ನಡುಗಿ ಎಣ್ಣೆ ಮೈಯ ಮಗು ಪಕ್ಕಕ್ಕೆ ಜಾರಿತು. ಹಿಡಿದೆ, ಏನೂ ಆಗಲಿಲ್ಲ. ಹಾಗೆ ಇನ್ನೆರಡು ಬೆಳಿಗ್ಗೆ ನೋಡಿದೆ. ಆಮೇಲೆ ಮಂಡಿನೋವು ಎಂದು ಫೋನ್ ಮಾಡಿ ಹೇಳಿದೆ. "ರೆಸ್ಟ್ ತಗೊಳ್ಳಿ ಆಂಟಿ" ಎಂದಳು. ಪ್ಲಾಸ್ಟಿಕ್ ಟಬ್ಬಿನಲ್ಲಿ ತಾನೇ ನೀರು ಹಾಕುವುದನ್ನು ಕಲಿತಳು. ಬೆಳಿಗ್ಗೆ ಎದ್ದು ಏನು ಮಾಡಬೇಕೆಂದು ತೋಚದೆ ನಾನು ಕಾಫಿ ಕುಡಿದು ಮತ್ತೆ ಮಲಗುತ್ತಿದ್ದೆ.

ಹಿಮ ಕರಗುವ ಹೊತ್ತಿಗೆ ಅವನು ನಮ್ಮ ಮನೆಗೆ ಬಂದ. ಕುರ್ಚಿಯಲ್ಲಿ ಕೂರದೆ ಅಡಿಗೆಮನೆಯ ನೆಲದ ಮೇಲೆ ಕುಳಿತ.

"ಮಾರ್ಬಿಟ್ಟೆ ಆಂಟಿ. ಅಂಗಡಿಯವ್ರಿಗೇ ವಾಪಸ್ ಕೊಟ್ಟೆ. ಲೈಸೆನ್ಸೂ ಬೇಡ ಅಂದ್ಕೊಂಡಿದೀನಿ. ನೀವು ಮೊದ್ಲಿನ ಹಾಗೆ ಬನ್ನಿ. ಪಾಪು ನಿಮ್ಮನ್ನ ಮರ್ತೇ ಹೋಗುತ್ತೆ."

"ಸಂತೋಷ" ಎಂದೆ.

"ಆವತ್ತು ನನ್ನ ಬೆರಳು ಟ್ರಿಗರ್ ಮೇಲಿರ್ಲಿಲ್ಲ ಆಂಟಿ. ದೇವರಾಣೆ."

"ನೋಡ್ದೆ ಕಣಪ್ಪ. ಪಕ್ಕದಲ್ಲೇ ಇತ್ತು."

ಅಲ್ಲಿಗೆ ನಾನು ಬಾಯಿ ಮುಚ್ಚಿಕೊಂಡಿರಬೇಕಿತ್ತು. ಕಾಫಿ ಕೊಟ್ಟು ಕಳಿಸಿದ್ದರೆ ಮುಗಿಯುತ್ತಿತ್ತು. ನನ್ನ ನಾಲಗೆ ಸುಮ್ಮನಿರುವ ಜಾತಿಯದಲ್ಲ.

"ಗನ್ ವಿಷ್ಯ ಅಲ್ಲ. ನಾನು ಯಾರು ಅಂತ ನಿಂಗೆ ಕಾಣಿಸ್ತು. ಕಾಣಿಸಿದ್ದು ನಂಗೂ ಗೊತ್ತಾಯ್ತು. ಆದ್ರೂ ನೀನು ಕೈ ಇಳಿಸ್ಲಿಲ್ಲ."

ಇಲ್ಲ ಎನ್ನುತ್ತಾನೆ ಎಂದು ಕಾದೆ. ಕತ್ತಲಿತ್ತು, ಗೊತ್ತಾಗಲಿಲ್ಲ ಎಂದು ಒಂದು ಸುಳ್ಳು ಹೇಳಿದ್ದರೂ ಸಾಕಿತ್ತು, ನಾನು ನಂಬುತ್ತಿದ್ದೆ, ನಂಬಲು ಸಿದ್ಧಳಾಗಿಯೇ ಇದ್ದೆ. ಅವನು ನೆಲ ನೋಡುತ್ತಾ, "ಹೌದು ಆಂಟಿ. ನೀವೇ ಅಂತ ಗೊತ್ತಾಯ್ತು. ಯಾಕೆ ಇಳಿಸ್ಲಿಲ್ಲ ಅಂತ ನಂಗೇ ಗೊತ್ತಿಲ್ಲ" ಎಂದ. ಎದ್ದು ಹೋದ.

ನಿಜ ಆಡಿಸಿಬಿಟ್ಟೆ ಎಂಬ ಬಿಗುಮಾನ ಒಂದು ಸಂಜೆಯ ಮಟ್ಟಿಗೆ ಇತ್ತು. ಆಮೇಲೆ, ಕೇಳಬಾರದಿತ್ತು ಅನ್ನಿಸಿತು. ಅವನು ನನ್ನನ್ನು ಕಂಡರೆ ಕಣ್ಣು ತಪ್ಪಿಸುವಂತಾದ. ಮುಂದಿನ ಚಳಿಗಾಲದಲ್ಲೂ ಹಿಮ ಬಿದ್ದ ದಿನ ಮೊದಲಿನ ಹಾಗೆಯೇ ಡ್ರೈವ್‌ವೇ ಕ್ಲೀನ್ ಮಾಡುತ್ತಿದ್ದ, ಆದರೆ ನಾನು ಏಳುವುದಕ್ಕೆ ಮೊದಲೇ ಬಂದು ಮುಗಿಸಿ ಹೋಗಿರುತ್ತಿದ್ದ. ಅವಳು ಹಬ್ಬಕ್ಕೆ ಕರೆಯುತ್ತಿದ್ದಳು, ನಾನು ಮುಂಬಾಗಿಲಿನಿಂದ ಹೋಗಿ ಸೋಫಾದಲ್ಲಿ ಕುಳಿತು ಕುಂಕುಮ ತೆಗೆದುಕೊಂಡು ಬರುತ್ತಿದ್ದೆ. ಅವನಿಗೆ ಶಿಕಾಗೋದ ಕಡೆ ಕೆಲಸ ಸಿಕ್ಕಿತು. ಮನೆ ಮಾರಿ ಹೋದರು. ಹೊಸಬರು ಮೊದಲು ಮಾಡಿದ ಕೆಲಸ ಗ್ಯಾರೇಜಿನ ಕೋಡ್ ಬದಲಾಯಿಸಿದ್ದಿರಬೇಕು, ಯಾರಾದರೂ ಅದನ್ನೇ ಮಾಡುತ್ತಾರೆ.

ಹೋದ ವರ್ಷ ನವರಾತ್ರಿಯಲ್ಲಿ ಪರಿಚಯದವರೊಬ್ಬರ ವ್ಯಾನಿನಲ್ಲಿ ಶಿಕಾಗೋದ ಬಳಿ ಇರುವ ಲೆಮಾಂಟಿನ ದೇವಸ್ಥಾನಕ್ಕೆ ಹೋಗಿದ್ದೆ. ಚಪ್ಪಲಿ ಬಿಡುವ ಕಡೆ ನೂಕುನುಗ್ಗಲು. ಅಲ್ಲಿ ಅವರು ಸಿಕ್ಕರು. ಅವಳು ಓಡಿ ಬಂದು ತಬ್ಬಿಕೊಂಡಳು. ಮಗು ಲಂಗ ತೊಟ್ಟು ಅಮ್ಮನ ಹಿಂದೆ ನಿಂತಿತ್ತು. "ಅಜ್ಜಿ ಕಣೇ, ನಿನಗೆ ಸ್ನಾನ ಮಾಡಿಸ್ತಿದ್ರು" ಎಂದಳು. ಮಗು "ಹಾಯ್" ಎಂದು ಅಲ್ಲಿಂದಲೇ ಕೈ ಆಡಿಸಿತು.

ಆಗ ಅವನು ಕಾರು ಪಾರ್ಕ್ ಮಾಡಿ ಬಂದ. ರೇಷ್ಮೆ ಪಂಚೆ, ಮೇಲೊಂದು ಉದ್ದನೆಯ ಜುಬ್ಬ. ಸ್ವಲ್ಪ ದಪ್ಪಗಾಗಿದ್ದ. ನಾನು ಅವನ ಮುಖ ನೋಡಿ ನಗಬೇಕಾಗಿತ್ತು, ಹೇಗಿದೀಯಪ್ಪ ಎನ್ನಬೇಕಾಗಿತ್ತು. ನನ್ನ ಕಣ್ಣು ಮೊದಲು ಹೋದದ್ದು ಅವನ ಸೊಂಟಕ್ಕೆ. ಬೇಕೆಂದು ಮಾಡಿದ್ದಲ್ಲ. ಆದರೆ ಅವನು ನೋಡಿಬಿಟ್ಟ.

ಅಷ್ಟು ಜನರ ನಡುವೆ, ಮಗುವಿನ ಎದುರಿಗೇ, ಅವನು ಜುಬ್ಬದ ಅಂಚನ್ನು ಎರಡು ಬೆರಳಲ್ಲಿ ಹಿಡಿದು ಸೊಂಟ ಕಾಣುವಷ್ಟು ಮೇಲೆತ್ತಿ ತೋರಿಸಿದ. ಒಂದು ಪಕ್ಕ, ಆಮೇಲೆ ಇನ್ನೊಂದು ಪಕ್ಕ.

"ಏನೂ ಇಲ್ಲ ಆಂಟಿ" ಎಂದ.

ನಾನು ಕೇಳಿರಲಿಲ್ಲ. ಕೇಳಲಿಲ್ಲವಲ್ಲಪ್ಪ ಎನ್ನುವ ಮುಖವೂ ನನಗಿರಲಿಲ್ಲ.