ಕಿಲಿಮಾನಿಯ ದಾದಾ

ನೈರೋಬಿಯ ಶಾಲೆಯೊಂದಕ್ಕೆ ಸ್ವಯಂಸೇವಕಿಯಾಗಿ ಪಾಠ ಹೇಳಲು ಹೋದ ಹೊಸತು. ಅಲ್ಲಿನ ಕಿಲಿಮಾನಿ ಬಡಾವಣೆಯಲ್ಲಿ ನಮ್ಮ ಅಪಾರ್ಟ್‌ಮೆಂಟಿನ ಗೇಟಿನೆದುರು ತರಕಾರಿ ಮಾರುತ್ತಿದ್ದ ಹೆಂಗಸು ನನ್ನತ್ತ ನೋಡಿ, "ದಾದಾ!" ಅಂತ ಕೂಗಿ ಕೈಬೀಸಿ ಕರೆದಳು. ಯಾವನೋ ರೌಡಿ ಬಂದ ಅಂತ ಹೆದರಿ ಹಿಂದೆ ತಿರುಗಿದೆ. ಯಾರೂ ಇರಲಿಲ್ಲ.

ಸ್ವಾಹಿಲಿಯಲ್ಲಿ ದಾದಾ ಅಂದರೆ ಅಕ್ಕ ಅಂತ ಆಮೇಲೆ ಶಾಲೆಯಲ್ಲಿ ತಿಳಿಯಿತು. ಅವಳನ್ನು ಎಲ್ಲರೂ ಮಾಮಾ ಅನ್ನುತ್ತಿದ್ದರು, ಹಾಗೆಂದರೆ ಅಮ್ಮ. ಅಂತೂ ಅವಳು ಮಾಮಾ, ನಾನು ದಾದಾ. ಇಬ್ಬರಿಗೂ ಮೀಸೆಯೊಂದು ಕಡಿಮೆ.

ಒಂದು ದಿನ ನನ್ನ ಅರೆಬರೆ ಸ್ವಾಹಿಲಿಯಲ್ಲಿ ಹೇಳಿಯೇಬಿಟ್ಟೆ: "ಮಾಮಾ, ನಮ್ಮೂರಲ್ಲಿ ದಾದಾ ಅಂದ್ರೆ ಗೂಂಡಾ."

ಅವಳು ನನ್ನ ಕನ್ನಡಕವನ್ನೂ ಕಡ್ಡಿಯಂಥ ಕೈಗಳನ್ನೂ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಂದಿನಿಂದ ನಾನು ಕಂಡರೆ ಸಾಕು, ಎರಡೂ ಕೈ ಮೇಲೆತ್ತಿ, "ಹೊಡೀಬೇಡ ದಾದಾ, ಟೊಮೇಟೊ ಎಲ್ಲಾ ತಗೊಂಡು ಹೋಗು!" ಅನ್ನುತ್ತಿದ್ದಳು. ನಾನು ಊರಿಗೆ ಹೊರಟ ದಿನವೂ ಹಾಗೇ ಕೈ ಎತ್ತಿದಳು. ಆವತ್ತು ಮಾತ್ರ ಎತ್ತಿದ ಕೈಗಳಲ್ಲೇ ನನ್ನನ್ನು ತಬ್ಬಿಕೊಂಡಳು.

ಈಗ ಮೈಸೂರಿನ ಮಾರ್ಕೆಟ್ಟಿನಲ್ಲಿ ಎಲ್ಲರಿಗೂ ನಾನು ಆಂಟಿ. ಬೆಂಡೆಕಾಯಿ ಮುರಿದು ನೋಡಿದರೆ ಗದರುತ್ತಾರೆ. ನಾನೂ ಒಂದು ಕಾಲದಲ್ಲಿ ದಾದಾ ಆಗಿದ್ದೆ ಅಂದರೆ ಇವರು ನಂಬುತ್ತಾರೆಯೇ?