ನೀಲಿ ಊರಿಗೆ ಕೆಂಪು ಹಚ್ಚಿದ ಮುಬೀನಾ

ಕೈಗೆ ಏನು ಸಿಕ್ಕರೂ ಅದರಲ್ಲಿ ಲೆಕ್ಕದ ಚಿತ್ರ ಇಡುವ ಚಾಳಿ ಮುಬೀನಾಳಿಗೆ. ನಮ್ಮ ಜಗಲಿಗೆ ಬಂದ ಮೊದಲ ದಿನವೇ, ನಾನು ಸುಲಿದಿಟ್ಟ ಅವರೆಕಾಳನ್ನು ಮೊರದಿಂದ ಬಾಚಿ ನೆಲದ ಮೇಲೆ ಸಾಲು ಹಚ್ಚಿಬಿಟ್ಟಳು.

"ಇದು ಡೇರಿ, ಇದು ಸ್ಕೂಲು, ಇದು ನಿಮ್ಮನೆ, ಅಜ್ಜಿ. ಒಂದು ಮನೆಗೆ ಒಂದು ಕಾಳು."

"ನಮ್ಮನೆ ಅಲ್ಲೇ ಇರ್ಲಿ. ಸಾರಿಗೆ ಕಾಳು ಬೇಕು, ಎತ್ತಿಡು," ಎಂದೆ.

ಎತ್ತಿಡಲಿಲ್ಲ. ಮೊದಲು ಫೋನಿನಲ್ಲಿ ಫೋಟೊ ಹೊಡೆದುಕೊಂಡಳು. ಆಮೇಲೆ ಕಾಳುಗಳನ್ನು ತೊಳೆದು ತಂದುಕೊಟ್ಟಳು. ಅವತ್ತು ನಮ್ಮ ಮನೆಯಲ್ಲಿ ಊಟ ತಡವಾಯಿತು.

ಶಿಡ್ಲಘಟ್ಟದ ಹುಡುಗಿ. ಅಪ್ಪನದು ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಕೆಲಸ. ಇವಳು ಬೆಂಗಳೂರಿನ ಒಂದು ಸುದ್ದಿ ವೆಬ್‌ಸೈಟಿಗೆ ದುಡಿಯುತ್ತಿದ್ದಳು. ಸುದ್ದಿ ಎಂದರೆ ಯಾರು ಏನು ಭಾಷಣ ಮಾಡಿದರು ಎಂದು ಬರೆಯುವುದಲ್ಲ. ಸರ್ಕಾರದ ಅಂಕಿ ಅಂಶ ತೆಗೆದು, ಅದು ನಿಜವೋ ಅಲ್ಲವೋ ನೋಡಿ, ಚಿತ್ರ ಮಾಡಿ ಜನಕ್ಕೆ ತೋರಿಸುವುದು. ಅದಕ್ಕೆ ಡೇಟಾ ಜರ್ನಲಿಸಂ ಅನ್ನುತ್ತಾರಂತೆ. ನಾನು ಮೂರನೇ ಕ್ಲಾಸಿಗೆ ಸ್ಲೇಟು ಇಟ್ಟವಳು. ಸಂಬಳ ಕೊಡುತ್ತಾರಾ ಎಂದಷ್ಟೇ ಕೇಳಿದೆ. ಕೊಡುತ್ತಾರೆ ಎಂದಳು. ಸರಿ, ಹಾಗಾದರೆ ಕೆಲಸವೇ ಇರಬೇಕು ಅಂದುಕೊಂಡೆ.

ನಮ್ಮೂರು ಕೆಂಚಾರ್ಲಹಳ್ಳಿಯ ಕಡೆ. ಸರ್ಕಾರದ ಕಂಪ್ಯೂಟರ್ ನಕ್ಷೆಯಲ್ಲಿ ಊರು ಪೂರ್ತಿ ನೀಲಿ. ನೀಲಿ ಅಂದರೆ ಎಲ್ಲ ಮನೆಗೂ ನಲ್ಲಿ, ಎಲ್ಲ ನಲ್ಲಿಯಲ್ಲೂ ನೀರು. ನಲ್ಲಿ ಇದ್ದದ್ದು ನಿಜ. ಆದರೆ ನಾವಿರುವ ಮೇಲಿನ ಬೀದಿಗೆ ನೀರು ಹತ್ತುತ್ತಿರಲಿಲ್ಲ. ಮೇಲುಗಡೆಗೆ ಒಂದು ಟ್ಯಾಂಕ್ ಕಟ್ಟಿಸಿಕೊಡಿ ಎಂದು ಅರ್ಜಿ ಕೊಟ್ಟರೆ, ನಕ್ಷೆ ತೋರಿಸಿ ವಾಪಸ್ ಕಳಿಸುತ್ತಿದ್ದರು. ನೀಲಿ ಊರಿಗೆ ಟ್ಯಾಂಕ್ ಯಾಕೆ? ಈ ಮಾತು ಎಲ್ಲಿಂದಲೋ ಮುಬೀನಾಳ ಕಿವಿಗೆ ಬಿದ್ದು, ನೋಡೋಣ ಎಂದು ಬಂದಿದ್ದಳು.

ಬಂದ ಹೊತ್ತು ಸರಿಯಿರಲಿಲ್ಲ. ರೇಷ್ಮೆ ಹುಳ ನಾಲ್ಕನೇ ಜ್ವರ, ಅಂದರೆ ಪೊರೆ ಬಿಡುವ ಕೊನೆಯ ನಿದ್ದೆ, ಮುಗಿಸಿ ಎದ್ದು ಹಗಲು ರಾತ್ರಿ ಸೊಪ್ಪು ಮೇಯುವ ಕಾಲ. ಆಗ ಹುಳದ ಮನೆಗೆ ಹೊರಗಿನವರ ಕಾಲು ಸೋಕಬಾರದು. ರೋಗ ಬಿದ್ದರೆ ಬೆಳೆಯೇ ಹೋಯಿತು. ಹೆಂಗಸರೆಲ್ಲ ಒಳಗೆ ಸೊಪ್ಪು ಹಾಕುತ್ತಿದ್ದರು. ಇವಳು ಫೋನು ಹಿಡಿದು ಬಾಗಿಲು ಬಾಗಿಲಿಗೆ ಹೋದಳು. ಜಗಲಿಯ ಮೇಲೆ ಕೂತಿದ್ದ ಗಂಡಸರು ಎಲ್ಲಿ ಒಳಗೆ ನುಗ್ಗುತ್ತಾಳೋ ಎಂದು ಅಲ್ಲೇ ತಡೆದು, ಕೇಳಿದ್ದಕ್ಕೆಲ್ಲ ತಾವೇ ಉತ್ತರ ಕೊಟ್ಟು ಕಳಿಸಿದರು. ನಮ್ಮ ಮನೆಯಲ್ಲೂ ಅದೇ ಆಯಿತು, ಆ ಹೊತ್ತಿಗೆ ನಾನೂ ಒಳಗಿದ್ದೆ.

"ನೀರು ಬರುತ್ತಾ ಅಣ್ಣ?"

"ಬರುತ್ತಮ್ಮ."

ಅವರೇನೂ ಸುಳ್ಳು ಹೇಳಲಿಲ್ಲ. ಎದ್ದು ಮುಖ ತೊಳೆಯುವ ಹೊತ್ತಿಗೆ ಹಂಡೆ ತುಂಬಿರುವುದನ್ನು ಕಂಡ ಗಂಡಸಿಗೆ ನೀರು ಬರುತ್ತದೆ ಎಂದೇ ಕಾಣುತ್ತದೆ.

ಮುಬೀನಾ ಎಲ್ಲವನ್ನೂ ಸೇರಿಸಿ ಚಿತ್ರ ಮಾಡಿದಳು. ಅದೂ ನೀಲಿಯೇ ಬಂತು. ಸರ್ಕಾರದ್ದೇ ಸರಿ ಎಂದು ಬೆಂಗಳೂರಿಗೆ ಕಳಿಸಿ, ಸಂಜೆ ಬಸ್ಸಿಗೆ ನಿಂತಳು. ಅಲ್ಲಿಂದ ಕಂಡದ್ದು ನಮ್ಮ ಬೀದಿಯ ಹೆಂಗಸರು. ಕೆಳಗಿನ ತೋಟದ ಪಂಪ್‌ಸೆಟ್ಟಿಗೆ ಕರೆಂಟು ಬಂದಿತ್ತು. ಅಲ್ಲಿ ತುಂಬಿಸಿಕೊಂಡ ಬಿಂದಿಗೆ ಹೊತ್ತು ಏರು ಹತ್ತುತ್ತಿದ್ದರು. ಬಸ್ಸು ಬಂತು. ಇವಳು ಹತ್ತಲಿಲ್ಲ.

ನೇರ ನಮ್ಮ ಜಗಲಿಗೆ ಬಂದು ಕೂತಳು. ಮುಖ ಸುಣ್ಣದ ಹಾಗಾಗಿತ್ತು.

"ಅಜ್ಜಿ, ನಾನು ಬರೀ ಗಂಡಸರನ್ನ ಕೇಳಿದ್ದೀನಿ."

"ಹೆಂಗಸರು ಹುಳದ ಮನೇಲಿದ್ರು ಕಣೇ. ನಿನ್ನ ಹೆಂಗೆ ಬಿಡ್ತಾರೆ?"

"ನಂಗೊತ್ತೇ ಇರ್ಲಿಲ್ಲ. ನಮ್ಮನೇಗೆ ಗೂಡು ಮೂಟೇಲಿ ಬರುತ್ತೆ. ಮಾರ್ಕೆಟ್ಟಿಂದ. ಅದಕ್ಕೆ ಮುಂಚೆ ಅದೆಲ್ಲಿತ್ತು ಅಂತ ನಾನು ನೋಡೇ ಇಲ್ಲ."

ಎಡಿಟರಿಗೆ ಫೋನ್ ಮಾಡಿದಳು. ಆತನ ದನಿ ನನಗೂ ಕೇಳುತ್ತಿತ್ತು. ಚಿತ್ರ ಚೆನ್ನಾಗಿದೆ, ಊರು ಸುಧಾರಿಸಿದೆ ಅನ್ನುವುದೂ ಸುದ್ದಿಯೇ, ನಾಳೆ ಹಾಕುತ್ತೇವೆ ಎಂದ.

"ಹಾಕ್ಬೇಡಿ ಸರ್. ತಪ್ಪಿದೆ."

"ಯಾರದಮ್ಮ ತಪ್ಪು?"

"ನಂದು ಸರ್. ನೀರು ಹೊರೋರನ್ನ ಬಿಟ್ಟು ಕುಡಿಯೋರನ್ನ ಕೇಳಿದ್ದೀನಿ."

ಹೊಸ ಕೆಲಸ, ಮೊದಲ ದೊಡ್ಡ ಸುದ್ದಿ. ತಪ್ಪು ಯಾರಿಗೂ ಗೊತ್ತಿರಲಿಲ್ಲ, ಗೊತ್ತಾಗುತ್ತಲೂ ಇರಲಿಲ್ಲ. ನಾನು ಇಷ್ಟು ವರ್ಷದಲ್ಲಿ ಬೇಕಾದಷ್ಟು ಓದಿದವರನ್ನು ನೋಡಿದ್ದೇನೆ, ಓದದವರನ್ನೂ ನೋಡಿದ್ದೇನೆ. ಕೇಳುವವರಿಲ್ಲದಿರುವಾಗ ತನ್ನ ತಪ್ಪನ್ನು ತಾನೇ ಹಿಡಿದು ಎಳೆದು ತಂದವರನ್ನು ನೋಡಿದ್ದು ಕಡಿಮೆ. ಅವತ್ತು ಅವಳನ್ನು ಹೊಗಳಲಿಲ್ಲ. ಎರಡು ಮುದ್ದೆ ಹೆಚ್ಚಿಗೆ ಕಟ್ಟಿ ಬಸ್ಸಾರಿನ ಜೊತೆ ಇಟ್ಟೆ. ಅವಳ ಅಮ್ಮ ಫೋನ್ ಮಾಡಿ ಉರ್ದುವಿನಲ್ಲಿ ಬೈಯುತ್ತಲೇ ಇದ್ದರು. ಇವಳು ಬಾಯಿ ತುಂಬ ಮುದ್ದೆ ಇಟ್ಟುಕೊಂಡು "ಆತೂಂ ಅಮ್ಮೀ, ಆತೂಂ" ಎನ್ನುತ್ತಿದ್ದಳು. ಬರ್ತೀನಿ ಎಂದರ್ಥವಂತೆ. ಹೋಗಲಿಲ್ಲ.

ಗೂಡು ಬಿಡಿಸುವ ದಿನದವರೆಗೆ ಕಾದಳು. ಚಂದ್ರಂಕಿ ಎಂದರೆ ಹುಳ ಗೂಡು ಕಟ್ಟಲೆಂದು ಬಿದಿರಿನ ಪಟ್ಟಿಯನ್ನು ಸುತ್ತುಸುತ್ತಾಗಿ ಕೂರಿಸಿದ ತಟ್ಟೆ. ಅದರಿಂದ ಗೂಡು ಬಿಡಿಸುವಾಗ ಬೀದಿಯ ಹೆಂಗಸರೆಲ್ಲ ಒಂದೇ ಕಡೆ ಕೂರುತ್ತಾರೆ. ಆಗ ಯಾರು ಬಂದರೂ ತಡೆಯಿಲ್ಲ. ಇವಳೂ ಕೂತು ಬಿಡಿಸಿದಳು. ಈ ಸಲ ನೀರು ಬರುತ್ತಾ ಎಂದು ಕೇಳಲೇ ಇಲ್ಲ. "ನಿನ್ನೆ ಎದ್ದ ಮೇಲೆ ಮೊದಲು ಏನು ಮಾಡಿದ್ರಿ? ಆಮೇಲೆ?" ಎಂದು ಪ್ರತಿಯೊಬ್ಬರ ಇಡೀ ದಿನವನ್ನು ಕೇಳುತ್ತಾ ಹೋದಳು. ನೀರು ತಾನಾಗಿಯೇ ಬಾಯಿಗೆ ಬಂತು.

"ನಿಮ್ಮೆಜಮಾನ್ರು ನೀರು ತರಲ್ವಾ ಅಕ್ಕ?" ಎಂದು, ಹುಡುಗಿಯರನ್ನೆಲ್ಲ ತೆಲುಗಿನಲ್ಲಿ ಪಿಲ್ಲಾ ಎನ್ನುವ ಪಕ್ಕದ ಮನೆಯ ನಾರಾಯಣಮ್ಮನನ್ನು ಕೇಳಿದಳು.

"ತರ್ತಾನೆ ಪಿಲ್ಲಾ. ಸಂಜೆ ಹೊತ್ತು, ಬಾಟ್ಲಲ್ಲಿ."

ನಕ್ಕು ನಕ್ಕು ನನ್ನ ಸೊಸೆಯ ಮಡಿಲಲ್ಲಿದ್ದ ಗೂಡೆಲ್ಲ ಚೆಲ್ಲಿಹೋಯಿತು. ಮುಬೀನಾ ಆರಿಸುತ್ತಾ, "ಇದನ್ನ ಯಾವ ಬಣ್ಣದಲ್ಲಿ ಹಾಕ್ಲಿ ಅಕ್ಕ?" ಎಂದಳು. ಮತ್ತೆ ಚೆಲ್ಲಿತು.

ಚಿತ್ರ ಮಾಡಿ ಮೊದಲು ನನಗೆ ತೋರಿಸಿದಳು. ಅಡ್ಡಗೆರೆ, ಉದ್ದಗೆರೆ.

"ಏನು ಕಾಣುತ್ತೆ ಅಜ್ಜಿ?"

"ಹೀರೇಬಳ್ಳಿಗೆ ಚಪ್ಪರ ಹಾಕ್ದಂಗಿದೆ."

ಇನ್ನೊಬ್ಬರಾಗಿದ್ದರೆ ಮುದುಕಿಗೇನು ತಿಳಿಯುತ್ತದೆ ಅಂದುಕೊಳ್ಳುತ್ತಿದ್ದರು. ಇವಳು, "ನಿಮ್ಮ ದಿನದ ಚಿತ್ರ ನಿಮಗೇ ತಿಳೀಲಿಲ್ಲ ಅಂದ್ರೆ ಚಿತ್ರ ಕೆಟ್ಟಿದೆ ಅಂತ ಅರ್ಥ," ಎಂದು ಅದನ್ನು ಅಳಿಸಿದಳು. ಹೀಗೆ ಎಷ್ಟು ಸಲ ಅಳಿಸಿದಳೋ. ಕೊನೆಗೆ ಚಂದ್ರಂಕಿಯ ಸುತ್ತಿನ ಹಾಗೆ ಬರೆದು ತಂದಳು. ಒಂದೊಂದು ಸುತ್ತು ಒಂದೊಂದು ಮನೆಯ ಹೆಂಗಸಿನ ದಿನ. ನೀರಿಗೆ ಕಾಯಲು, ಹೊರಲು ಹಿಡಿದ ಹೊತ್ತೆಲ್ಲ ಕೆಂಪು. ಪಕ್ಕದಲ್ಲಿ ಊರಿನ ನಕ್ಷೆ, ಮನೆಗೊಂದು ಚುಕ್ಕಿ, ನಲ್ಲಿಯಲ್ಲಿ ನೀರು ಬಾರದ ಮನೆಗೆ ಕೆಂಪು ಚುಕ್ಕಿ. ಕನ್ನಡಕ ಹಾಕದೆಯೇ ನನಗೆ ನಮ್ಮ ಸುತ್ತು ಸಿಕ್ಕಿತು. ಸೊಸೆ ನೋಡಿ, "ಅಯ್ಯೋ, ನನ್ನ ದಿನ ಎಲ್ಲಿಗೆ ಹೋಗುತ್ತೆ ಅಂತಿದ್ದೆ, ಇಲ್ಲಿಗೆ ಹೋಗಿದೆ," ಎಂದಳು.

ಅದನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಡೇರಿ ಗೋಡೆಗೆ ಅಂಟಿಸಿದಳು. ಹಾಲು ಹಾಕಲು ಬಂದ ರಾಮಚಂದ್ರಪ್ಪ ಸಿಟ್ಟಾದ. ಊರಿನ ಹಿರಿಯ ಅವನು.

"ಏನಮ್ಮಾ, ನಮ್ಮೂರ ಮಾನ ಗೋಡೆಗೆ ಹಚ್ಚಿದೀಯಾ? ನಾವೆಲ್ಲ ಸುಳ್ಳು ಹೇಳಿದ್ವಾ?"

"ಇಲ್ಲ ಚಿಕ್ಕಪ್ಪ. ನಾನು ಕೇಳಿದ್ದೇ ತಪ್ಪು. ನೋಡಿ, ಅದನ್ನೂ ಹಾಕಿದ್ದೀನಿ."

ಪಕ್ಕದಲ್ಲೇ ಹಳೆಯ ನೀಲಿ ಚಿತ್ರವೂ ಇತ್ತು. ಕೆಳಗೆ ಅವಳದೇ ಹೆಸರು, ಅದು ಹೇಗೆ ತಪ್ಪಾಯಿತು ಎಂಬ ವಿವರ. ವೆಬ್‌ಸೈಟಿನಲ್ಲೂ ಎರಡನ್ನೂ ಜೊತೆಗೇ ಹಾಕಿಸಿದ್ದಳು. ರಾಮಚಂದ್ರಪ್ಪ ಹಾಲಿನ ಕ್ಯಾನು ಕೆಳಗಿಟ್ಟು ಬಹಳ ಹೊತ್ತು ನೋಡಿದ. "ನಮ್ಮನೆ ಸುತ್ತು ಯಾವುದು?" ಎಂದು ಮೆಲ್ಲಗೆ ಕೇಳಿದ. ತೋರಿಸಿದಳು. ಮುಂದಿನ ಸಲ ಅರ್ಜಿ ಹಿಡಿದು ಹೋದವನು ಅವನೇ. ಚಿತ್ರವನ್ನೂ ಸುರುಳಿ ಸುತ್ತಿ ಕಂಕುಳಲ್ಲಿ ಒಯ್ದ. ಆಫೀಸಿನವರು ಬಂದು ನೋಡಿದರು, ನಕ್ಷೆಯ ಬಣ್ಣ ಬದಲಾಯಿತು, ಟ್ಯಾಂಕ್ ಬಂತು. ಹೇಳಲು ಒಂದೇ ಸಾಲು. ಆಗಲು ಬಹಳ ದಿನ ಹಿಡಿಯಿತು.

ಟ್ಯಾಂಕಿನ ನೀರು ಬಿಟ್ಟ ದಿನ ಮುಬೀನಾಳನ್ನು ಕರೆಸಿ ಶಾಲು ಹೊದಿಸಿದರು. ಆ ಹೊತ್ತಿಗೆ ಅವಳಿಗೆ ದೆಹಲಿಯಲ್ಲಿ ಕೆಲಸ ಸಿಕ್ಕಿತ್ತು. ಫೋಟೊಗೆ ನಿಲ್ಲಮ್ಮ ಎಂದರೆ, ಮೊದಲು ನಲ್ಲಿ ನೋಡಿ ಬರ್ತೀನಿ ಎಂದು ಶಾಲು ಹೊದ್ದುಕೊಂಡೇ ಬೀದಿ ಹತ್ತಿದಳು. ಮನೆ ಮನೆಯಲ್ಲೂ ತಿರುಗಿಸಿ ನೋಡಿದಳು. ಎಲ್ಲ ಕಡೆ ಬಂತು. ತುತ್ತತುದಿಯಲ್ಲಿರುವ ನಾಗವೇಣಿಯ ಮನೆಯಲ್ಲಿ ನಲ್ಲಿ ಉಸ್ಸೆಂದಿತು, ಅಷ್ಟೇ.

"ಇವತ್ತೊಂದಿನ ಪೂರ್ತಿ ನೀಲಿ ಹಾಕ್ಬಿಡಮ್ಮ, ಒಂದು ಮನೆ ತಾನೇ," ಎಂದ ರಾಮಚಂದ್ರಪ್ಪ.

"ನಾಗವೇಣಿ ಅಕ್ಕಂಗೆ ಅದೊಂದೇ ಮನೆ ಚಿಕ್ಕಪ್ಪ," ಎಂದಳು. ಫೋನಿನಲ್ಲೇ ತನ್ನ ನಕ್ಷೆಯ ಬೇರೆ ಚುಕ್ಕಿಗಳನ್ನೆಲ್ಲ ನೀಲಿ ಮಾಡಿ, ಆ ಒಂದನ್ನು ಕೆಂಪಾಗಿಯೇ ಉಳಿಸಿ ಬಸ್ಸು ಹತ್ತಿದಳು. ನಾನು ಅವಳನ್ನು ಕಂಡದ್ದು ಅದೇ ಕೊನೆ.

ಅಲ್ಲಿಗೆ ಬೇರೆ ಪೈಪು ಹಾಕುವವರೆಗೆ ನಾನೂ ನಾಗವೇಣಿಯೂ ಆಫೀಸಿನವರನ್ನು ಸುಮ್ಮನೆ ಕೂರಲು ಬಿಡಲಿಲ್ಲ. ನೀರು ಬಂದ ದಿನ ದೆಹಲಿಗೆ ನಾನೇ ಫೋನ್ ಮಾಡಿಸಿದೆ.

"ನಾಗವೇಣಿ ಮನೇಗೆ ನೀರು ಬಂತು ಕಣೇ."

"ಯಾರು ಹೇಳಿದ್ದು ಅಜ್ಜಿ?"

ಹೇಗಿದ್ದೀರಿ ಎಂದಿಲ್ಲ, ಊಟ ಆಯಿತಾ ಎಂದಿಲ್ಲ. ನೆಟ್ಟಗೆ ಅದೇ ಪ್ರಶ್ನೆ.

"ಯಾರೂ ಹೇಳ್ಲಿಲ್ಲ. ನಾನೇ ತಿರುಗಿಸಿದ್ದು. ಕೈ ಇನ್ನೂ ಒದ್ದೆ ಇದೆ."

ಆಮೇಲೆಯೇ ಅವಳು ಆ ಕೆಂಪು ಚುಕ್ಕಿಯನ್ನು ತೆಗೆದದ್ದು.