ಒಂದು ಬೀರು, ಒಳಗೆ ಆರು ಬಾಗಿಲು

ಬೆಳಗಿನ ಐದೂವರೆ. ಹೊನ್ನಾಳಿಯ ಹೊಳೆ ಕಡೆಯ ಬೀದಿಯಲ್ಲೊಂದು ಮದುವೆ ಮನೆ. ಮನೆಯವರೆಲ್ಲ ಅಡುಗೆಯವರ ಹಿಂದೆ, ಹೂವಿನವರ ಹಿಂದೆ ಓಡಾಡುತ್ತಿದ್ದರೆ, ಒಳಕೋಣೆಯಲ್ಲಿ ಒಬ್ಬ ಹೆಂಗಸು ಮಾತ್ರ ಗೋಡೆಬೀರುವಿನೊಳಗೆ ತಲೆ ತೂರಿಸಿ ಕೂತಿದ್ದಾರೆ. ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಿವಿಯ ಮೇಲೆ ಪೆನ್ಸಿಲ್ಲು, ಕೈಯಲ್ಲಿ ಹಳೆಯ ಲಗ್ನಪತ್ರಿಕೆಗಳ ಕಟ್ಟು. ಮುಚ್ಚಿದ ಪುಟ್ಟ ಬಾಗಿಲಿನ ಸಂದಿಗೆ ಪತ್ರಿಕೆ ತೂರಿಸಿ ಮೇಲಿಂದ ಕೆಳಗೆ ಎಳೆಯುತ್ತಾರೆ. ಸರಾಗವಾಗಿ ಜಾರಿದರೆ ತಲೆಯಾಡಿಸಿ ಮುಂದಿನ ಬಾಗಿಲಿಗೆ ಹೋಗುತ್ತಾರೆ.

ಇವರು ವನಜಾಕ್ಷಿ. ಜಗಳೂರಿನವರು, ವಯಸ್ಸು ನಲವತ್ನಾಲ್ಕು, ಕಸುಬು ಮರಗೆಲಸ. ಅದರಲ್ಲೂ ಒಂದೇ ಕೆಲಸ: ಬೀರುವಿನೊಳಗೆ ಬಾಗಿಲು ಕೂರಿಸುವುದು. ಬೀರುವಿಗೆ ಹೊರಗೆ ಬಾಗಿಲು ಇದ್ದೇ ಇರುತ್ತದಲ್ಲ ಎಂದು ನಾನೂ ಮೊದಲು ಕೇಳಿದ್ದೆ. ಅವರು ನನ್ನನ್ನು ಏನೂ ತಿಳಿಯದವರನ್ನು ನೋಡುವಂತೆ ನೋಡಿದರು. "ಹೊರಗಿನ ಬಾಗಿಲು ಮನೆಗೆ ಕಣ್ರೀ. ಒಳಗಿನ ಬಾಗಿಲು ಮನುಷ್ಯರಿಗೆ."

ಈ ಮನೆಯದನ್ನೇ ನೋಡಿ. ಆಳವಾದ ಗೋಡೆಬೀರು, ಹೊರಗೆ ದೊಡ್ಡದೊಂದು ಬಾಗಿಲು. ತೆಗೆದರೆ ಒಳಗೆ ಆರು ಪುಟ್ಟ ಬಾಗಿಲು, ಮನೆಯ ಆರು ಹೆಂಗಸರಿಗೆ ತಲಾ ಒಂದು. ಆರೂ ಬೇರೆ ಬೇರೆ ಊರಿನ ಅಡುಗೆಮನೆಗಳಿಂದ ಬಂದವು. ಹೊಸ ನಮೂನೆಯ ಅಡುಗೆಮನೆ ಮಾಡಿಸುವವರು ಹಳೆಯ ಕಪಾಟಿನ ತೇಗದ, ಹೊನ್ನೆಯ ಬಾಗಿಲುಗಳನ್ನು ಕಿತ್ತು ಗುಜರಿಗೆ ಹಾಕುತ್ತಾರೆ. ವನಜಾಕ್ಷಿ ಅವನ್ನು ಆಯ್ದು ತಂದು, ಬಣ್ಣ ಕೆರೆದು, ಅಂಚು ಹೆರೆದು, ಹೊಸ ಕೀಲು ಹಾಕುತ್ತಾರೆ. ಒಂದರ ಒಳಮೈಗೆ ಇನ್ನೂ ಸಾರಿನ ಪುಡಿಯ ವಾಸನೆಯಿದೆ.

ಇದೆಲ್ಲ ಶುರುವಾಗಿದ್ದು ಅವರು ಮದುವೆಯಾಗಿ ಬಂದ ಮನೆಯಿಂದ. ಒಂಬತ್ತು ಜನ, ಒಂದೇ ಬೀರು. "ನನ್ನ ಏಳನೇ ಕ್ಲಾಸಿನ ಮಾರ್ಕ್ಸ್ ಕಾರ್ಡು ಇಡಾಕೆ ಜಾಗ ಇರ್ಲಿಲ್ಲ. ಅಕ್ಕಿ ಚೀಲದ ಕೆಳಗೆ ಇಟ್ಟಿದ್ದೆ. ಯಾರೋ ಚೀಲ ಎತ್ತುವಾಗ ಒಲೆಗೆ ಹಾಕಿಬಿಟ್ರು. ನಂದು ಅಂತ ಒಂದು ಗೇಣು ಜಾಗ ಇದ್ದಿದ್ರೆ ಅದು ಉಳೀತಿತ್ತು," ಎನ್ನುತ್ತಾರೆ. ಇಷ್ಟು ವರ್ಷದ ಮೇಲೂ ಆ ಮಾತಿನಲ್ಲಿ ನೋವು ಆರಿಲ್ಲ.

ಗಂಡ ಓಬಳಪ್ಪ ಬಡಗಿ. ಹನ್ನೆರಡು ವರ್ಷ ವನಜಾಕ್ಷಿ ಗಂಡನಿಗೆ ಹಲಗೆಯ ಆ ತುದಿ ಹಿಡಿದುಕೊಂಡು ನಿಂತರು. ನೋಡಿ ನೋಡಿಯೇ ಕಲಿತರು. ಓಬಳಪ್ಪ ಅಟ್ಟಣಿಗೆಯಿಂದ ಬಿದ್ದು ಭುಜ ಮುರಿದುಕೊಂಡ ವರ್ಷ ಉಳಿ ಇವರ ಕೈಗೆ ಬಂತು. "ಈಗ ಅವಳೇ ಮೇಸ್ತ್ರಿ, ನಾನು ಲಗೇಜ್ ಆಟೋ ಡ್ರೈವರ್ರು. ಬೈಸ್ಕಣಾದು ಮಾತ್ರ ಮೊದ್ಲಿನಂಗೇ ಐತೆ," ಎಂದು ಓಬಳಪ್ಪ ಬಾಗಿಲ ಬಳಿ ನಿಂತು ನಗುತ್ತಾರೆ.

ದಿನಕ್ಕೆ ಎರಡು ಬಾಗಿಲು, ಅದಕ್ಕಿಂತ ಹೆಚ್ಚು ಮಾಡುವುದಿಲ್ಲ. ಒಂದಕ್ಕೆ ಎರಡು ಕೀಲು, ಹನ್ನೆರಡು ಸ್ಕ್ರೂ. ಹಿಡಿ ಎಲ್ಲಿರಬೇಕೆಂದು ಟೇಪು ಹಿಡಿದು ಅಳೆಯುವುದಿಲ್ಲ; ಬಾಗಿಲಿನ ಒಡತಿಯನ್ನೇ ಕರೆದು ಕೈ ಚಾಚಿಸಿ, ಬೆರಳು ತಾಗಿದಲ್ಲಿ ಗುರುತು ಹಾಕುತ್ತಾರೆ. ಬಾಗಿಲ ಹಿಂದೆ ಪೆನ್ಸಿಲ್ಲಿನಲ್ಲಿ ಒಂದು ನಂಬರು. ಈ ಮನೆಯ ಕೊನೆಯ ಬಾಗಿಲು ನಾನೂರ ಹನ್ನೆರಡನೆಯದು.

ಆದರೆ ಇದೇ ಮನೆಯಲ್ಲಿ, ಇದೇ ಬೀರುವಿನ ಮುಂದೆ, ಒಂಬತ್ತು ವರ್ಷದ ಹಿಂದೆ ಅವರ ಮಾನ ಹೋಗಿತ್ತು. ಮನೆಯ ಯಜಮಾನಿ ಅಂತರಘಟ್ಟಮ್ಮನವರ ಹಿರಿಯ ಮಗಳು ಗಂಗೋತ್ರಿಯ ಮದುವೆ. ಜಗಳೂರಿನ ಬಿಸಿಲಲ್ಲಿ ಒಣಗಿದ ಬಾಗಿಲುಗಳನ್ನು ತಂದು, ಕೂದಲೂ ತೂರದಂತೆ ಬಿಗಿಯಾಗಿ ಕೂರಿಸಿದ್ದರು. ಹೆರೆದ ಅಂಚಿಗೆ ವಾರ್ನಿಷ್ ಕೂಡ ಬಳಿದಿರಲಿಲ್ಲ. ಜಗಳೂರಿನಲ್ಲಿ ಅದೇ ಒಳ್ಳೆಯ ಕೆಲಸ. ಆಷಾಢದಲ್ಲಿ ಮಳೆ ಹಿಡಿಯಿತು, ಹೊಳೆ ತುಂಬಿತು, ಗೋಡೆ ತಂಡಿಯಾಯಿತು, ಬಾಗಿಲು ಉಬ್ಬಿತು. ಶ್ರಾವಣದ ಮದುವೆಯ ದಿನ ಧಾರೆ ಸೀರೆ ಒಳಗೆ, ಮದುಮಗಳು ಹೊರಗೆ! ಎಳೆದ ಹಿಡಿಯೇ ಕಿತ್ತು ಕೈಗೆ ಬಂತು. ಕೊನೆಗೆ ಹಾರೆ ಹಾಕಿ ಮೀಟಿದಾಗ ಮರದ ಸಿಬಿರು ತಗುಲಿ ಸೀರೆಯ ಅಂಚು ಹರಿಯಿತು. ಊಟಕ್ಕೆ ಬಂದಿದ್ದ ವನಜಾಕ್ಷಿ ಉಣ್ಣದೇ ಹೊರಟರು. ಹೆಂಗಸಿನ ಕೈಗೆ ಉಳಿ ಕೊಟ್ಟರೆ ಹೀಗೇ ಎಂದು ಯಾರೋ ಬೆನ್ನ ಹಿಂದೆ ಹೇಳಿದ್ದು ಕಿವಿಗೆ ಬಿತ್ತು. ಅಂದಿನಿಂದ ಹೊನ್ನಾಳಿಯಲ್ಲಿ ಒಬ್ಬರೂ ಅವರನ್ನು ಕರೆಯಲಿಲ್ಲ.

"ಅತ್ತು ಅತ್ತು ಸಾಕಾತು. ಆಮೇಲೆ ಆ ಮದ್ವೆ ಪತ್ರಿಕೇನೇ ತಗಂಡು ಸಂದು ಅಳಿಯಾಕೆ ಶುರು ಮಾಡಿದೆ," ಎನ್ನುತ್ತಾರೆ. ಮಡಚಿದ ಪತ್ರಿಕೆಗಳೇ ಅವರ ಅಳತೆಗೋಲು. ಜಗಳೂರಿಗೆ ಎರಡು ಪತ್ರಿಕೆಯಷ್ಟು ಸಂದು, ಚನ್ನಗಿರಿಗೂ ನ್ಯಾಮತಿಗೂ ಮೂರು, ಹೊನ್ನಾಳಿಯ ಹೊಳೆ ದಂಡೆಗೆ ನಾಲ್ಕು. ಕಟ್ಟಿನ ಮೇಲಿರುವುದು ಇವತ್ತಿಗೂ ಗಂಗೋತ್ರಿಯ ಲಗ್ನಪತ್ರಿಕೆಯೇ. ಜೊತೆಗೆ ಇನ್ನೊಂದು ಪದ್ಧತಿ: ಬಾಗಿಲುಗಳನ್ನು ಹದಿನೈದು ದಿನ ಮೊದಲೇ ಆ ಮನೆಯಲ್ಲಿ ಇಟ್ಟು ಬರುತ್ತಾರೆ. "ಮನುಷ್ಯರಿಗೆ ಊರು ಬದ್ಲಾದ್ರೆ ನೀರು ಒಗ್ಗಬೇಕಲ್ರೀ, ಮರಕ್ಕೂ ಹಂಗೇ."

ಕಳೆದ ಮಳೆಗಾಲದಲ್ಲಿ ಅಂತರಘಟ್ಟಮ್ಮ ನ್ಯಾಮತಿಯ ನೆಂಟರ ಮನೆಯಲ್ಲಿ ಸಲೀಸಾಗಿ ತೆಗೆಯುವ ಬಾಗಿಲು ನೋಡಿ, ಯಾರ ಕೆಲಸ ಎಂದು ಕೇಳಿದರು. ಹೆಸರು ಕೇಳಿ, ಆ ಬಾಗಿಲನ್ನು ಇನ್ನೊಮ್ಮೆ ತೆಗೆದು ಮುಚ್ಚಿ ನೋಡಿದರು. ಕಿರಿಯ ಮಗಳು ಅಕ್ಷಿತಾಳ ಮದುವೆ ಗೊತ್ತಾದಾಗ ತಾವೇ ಫೋನು ಮಾಡಿದರು. ಯುಗಾದಿ ಕಳೆದ ಮೇಲೆ ಆರೂ ಬಾಗಿಲು ಕೂತವು. ಇವು ಮಳೆಗಾಲ ಗೆಲ್ಲುವವರೆಗೆ ಹೊಸ ಬಾಗಿಲು ಹಾಕುವುದಿಲ್ಲ ಎಂದು ವನಜಾಕ್ಷಿ ಬೇರೆ ಕೆಲಸ ಹಿಡಿಯಲಿಲ್ಲ. ಇವತ್ತು ಅವುಗಳ ಪರೀಕ್ಷೆ, ಮತ್ತೆ ಶ್ರಾವಣ, ಮತ್ತೆ ತುಂಬಿದ ಹೊಳೆ. ಗಂಡ ಹೆಂಡತಿ ನಿನ್ನೆ ಸಂಜೆಯೇ ಸುಮಾರು ತೊಂಬತ್ತು ಕಿಲೋಮೀಟರ್ ಆಟೋದಲ್ಲಿ ಬಂದಿದ್ದಾರೆ.

"ಯುಗಾದೀಲಿ ನಾಲ್ಕು ಪತ್ರಿಕೆ ಹೋಗ್ತಿದ್ವು. ಈಗ ಎರಡು ಹೋಗ್ತಾವೆ. ಎರಡನ್ನ ಹೊಳೆ ತಗಂಡೈತೆ," ಎಂದು ಐದು ಬಾಗಿಲು ಮುಗಿಸುತ್ತಾರೆ. ಆರನೆಯದರ ಕೆಳಗಿನ ಮೂಲೆಯಲ್ಲಿ ಪತ್ರಿಕೆ ತಡೆಯುತ್ತದೆ. ಅದು ಅಕ್ಷಿತಾಳದ್ದು. ಧಾರೆ ಸೀರೆ ಇಟ್ಟು ಮುಚ್ಚಿ ಎಂಟು ದಿನವಾಗಿದೆ. ಎಂಟು ದಿನವೂ ಮಳೆ ಬಿಟ್ಟಿಲ್ಲ. ವನಜಾಕ್ಷಿಯ ಮುಖ ಸಣ್ಣದಾಗುತ್ತದೆ. ಒಂದು ಸಲ ತೆಗೆದು ನೋಡಬಾರದೇ ಎಂದರೆ ಒಪ್ಪುವುದಿಲ್ಲ. "ಅವರ ಬಾಗಿಲು ಅವರೇ ತೆಗೀಬೇಕು. ನಾನೂ ಮುಟ್ಟಂಗಿಲ್ಲ. ಅದಕ್ಕೇ ಅಲ್ವಾ ಬಾಗಿಲು ಹಾಕಿದ್ದು?"

ಏಳು ಗಂಟೆಗೆ ಅಕ್ಷಿತಾ ಒದ್ದೆ ಕೂದಲಲ್ಲಿ ಬರುತ್ತಾಳೆ. ಹಿಂದೆ ಅಂತರಘಟ್ಟಮ್ಮ, ತ್ಯಾವಣಿಗೆಯ ಗಂಡನ ಮನೆಯಿಂದ ಬಂದ ಗಂಗೋತ್ರಿ. ಓಬಳಪ್ಪ ಆಟೋದಲ್ಲಿರುವ ಹಾರೆಯ ಕಡೆಗೊಮ್ಮೆ ನೋಡಿ, ಹೆಂಡತಿ ಕಣ್ಣು ಬಿಟ್ಟದ್ದರಿಂದ ನೆಲ ನೋಡುತ್ತಾರೆ. ಅಕ್ಷಿತಾ ಹಿಡಿಗೆ ಕೈ ಹಾಕುತ್ತಾಳೆ.

ಬಾಗಿಲು ಒಂದೇ ಬೆರಳಿಗೆ ತೆರೆದುಕೊಳ್ಳುತ್ತದೆ. ಸದ್ದಿಲ್ಲ, ಜಗ್ಗಾಟವಿಲ್ಲ. ಪತ್ರಿಕೆ ತಡೆದ ಮೂಲೆಯಲ್ಲೂ ಕೂದಲೆಳೆಯಷ್ಟು ಸಂದು ಉಳಿದಿತ್ತು. ಒಳಗೆ ಮಡಿಕೆ ಕೆಡದ ಸೀರೆ. ಗಂಗೋತ್ರಿ ಗಟ್ಟಿಯಾಗಿ ಚಪ್ಪಾಳೆ ತಟ್ಟಿಬಿಡುತ್ತಾಳೆ. ನನಗೂ ಕೂಗಬೇಕೆನಿಸಿತು, ಸುಳ್ಳೇಕೆ ಹೇಳಲಿ. ವನಜಾಕ್ಷಿ ಬೀರುವಿಗೆ ಒರಗಿ ಒಂದು ಗಳಿಗೆ ಕಣ್ಣು ಮುಚ್ಚುತ್ತಾರೆ.

ಅಂತರಘಟ್ಟಮ್ಮ ತಮ್ಮ ಬಾಗಿಲು ತೆಗೆದು, ಅರಿಸಿನ ಹಚ್ಚಿದ ಲಗ್ನಪತ್ರಿಕೆಯೊಂದನ್ನು ಹೊರತೆಗೆಯುತ್ತಾರೆ. ಮೇಲೆ ವನಜಾಕ್ಷಿಯವರ ಪೂರ್ತಿ ಹೆಸರು. "ಕೆಲಸಕ್ಕೆ ಬಂದಿದ್ದು ಮುಗೀತು ವನಜಾಕ್ಷಿ. ಈಗ ಮದ್ವೆಗೆ ಬಾ. ಈ ಸಲ ಉಣ್ಣದೆ ಹೋದ್ರೆ ನೋಡು ಮತ್ತೆ," ಎನ್ನುತ್ತಾ ಪತ್ರಿಕೆಯನ್ನು ಅವರ ಕೈಗಿಡುತ್ತಾರೆ.

"ಅಕ್ಕಾ, ನಮ್ಮನೆ ಬೀರುಗೂ ಹಾಕ್ಕೊಡ್ರಿ. ತ್ಯಾವಣಿಗೇಲಿ ನಾವು ನಾಲ್ಕು ಜನ ಹೆಣ್ಮಕ್ಕಳು," ಎಂದು ಗಂಗೋತ್ರಿ ದುಂಬಾಲು ಬೀಳುತ್ತಾಳೆ.

ಓಬಳಪ್ಪ ಹೊಸ ಪತ್ರಿಕೆ ಇಸಿದುಕೊಂಡು ಬೆರಳಲ್ಲಿ ಒತ್ತಿ ನೋಡುತ್ತಾರೆ. "ಗಟ್ಟಿ ಕಾಗದ. ಸಂದಿಗೆ ಬಾಳ ಚೆನ್ನಾಗಿ ಆಗ್ತೈತೆ."

"ಕೊಡ್ರಿ ಇಲ್ಲಿ. ಇದು ಅಳಿಯಾಕಲ್ಲ, ಬಾಗಿಲೊಳಗೆ ಇಡಾಕೆ," ವನಜಾಕ್ಷಿ ಕಿತ್ತುಕೊಳ್ಳುತ್ತಾರೆ.

"ಯಾವ ಬಾಗಿಲೊಳಗೆ? ನಮ್ಮನೆ ಬೀರುಗೆ ಇನ್ನೂ ನಿನ್ನ ಹಳೇ ಸೀರೇನೇ ಪರದೆ."

ವನಜಾಕ್ಷಿ ಪತ್ರಿಕೆಯನ್ನು ಸೆರಗಿನಲ್ಲಿ ಸುತ್ತಿಕೊಂಡು ಗಂಗೋತ್ರಿಯ ಕಡೆ ತಿರುಗುತ್ತಾರೆ. "ನಿಮ್ಮನೇದು ನಾನೂರ ಹದಿನಾಲ್ಕರಿಂದ ಶುರು ಮಾಡ್ತೀನವ್ವಾ. ಹದಿಮೂರು ನಂದು."